ಹಮಾಮತ್ಸುವಿನ ವರ್ಷದ ಕೋಚ್

ಮಧುಕರನ ಎತ್ತರ ಆರಡಿ ಎರಡಂಗುಲ. ದೇವರು ಕೊಟ್ಟ ಈ ಎತ್ತರವನ್ನು ಅವನು ನಲವತ್ತು ದಾಟುವವರೆಗೂ ಯಾವ ಸತ್ಕಾರ್ಯಕ್ಕೂ ಬಳಸಿರಲಿಲ್ಲ. ಅಡುಗೆಮನೆಯ ಮೇಲಿನ ಹಲಗೆಯಿಂದ ಹುಣಸೆಹಣ್ಣಿನ ಡಬ್ಬ ಇಳಿಸಿಕೊಡುವುದು, ಗುಂಪು ಫೋಟೋಗಳಲ್ಲಿ ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ನಿಲ್ಲುವುದು, ಜಪಾನಿನ ಬಾಗಿಲುಗಳಿಗೆ ಹಣೆ ಚಚ್ಚಿಕೊಂಡು ಬಾಗಿಲಿಗೇ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳುವುದು, ಇಷ್ಟೇ. ಹಮಾಮತ್ಸುವಿನ ಒಂದು ಮೋಟರ್‌ಸೈಕಲ್ ಕಂಪನಿಯಲ್ಲಿ, ಬೈಕಿನ ಸೈಲೆನ್ಸರ್ ಯಾಕೆ ಗುಂಯ್‌ಗುಡುತ್ತದೆ ಎಂದು ಪತ್ತೆ ಹಚ್ಚುವುದು ಅವನ ಉದ್ಯೋಗ. ಅದಕ್ಕೆ ಎತ್ತರ ಬೇಕಿರಲಿಲ್ಲ.

ಆದರೆ ಈ ಎತ್ತರ ಒಂದು ಸಲ ಅವನ ಬದುಕಿಗೆ ಉಪಕಾರ ಮಾಡಿತ್ತು. ಮೈಸೂರಿನ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ತಂಡದ ಫೋಟೋ ತೆಗೆಯುವಾಗ ಹಿಂದೆ ಒಂದು ಒಡೆದ ಕಿಟಕಿ ಕಾಣುತ್ತಿತ್ತು. ಫೋಟೋಗ್ರಾಫರ್ ಆಚೀಚೆ ನೋಡಿ, ಟಿಫಿನ್ ಕ್ಯಾರಿಯರ್ ಹಿಡಿದು ಹೋಗುತ್ತಿದ್ದ ಮಧುಕರನನ್ನು ಕರೆದು, ಶರಟಿನ ಮೇಲೊಂದು ಬನಿಯನ್ ತೊಡಿಸಿ, ಕಿಟಕಿಗೆ ಅಡ್ಡ ನಿಲ್ಲಿಸಿದ. ಮುಂದೆ ಮದುವೆ ಮಾತುಕತೆಯ ಕಾಲದಲ್ಲಿ ಮನೆಯಲ್ಲಿ ಸಿಕ್ಕ ಒಂದೇ ಒಳ್ಳೆಯ ಫೋಟೋ ಅದಾಗಿದ್ದರಿಂದ, ಜಾತಕದ ಜೊತೆ ಅದೇ ಹೋಯಿತು. ಹೋದದ್ದು ಯಾರ ಕೈಗೆ ಎಂದರೆ ರಾಮಪ್ರಸಾದರ ಕೈಗೆ. ಅವರು ಮೈಸೂರಿನ ಇನ್ನೊಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು. ಮೈದಾನಕ್ಕೆ ಒಂದು ಸುತ್ತು ಓಡಲಾರದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಮೂವರು ವರರನ್ನು ವಾಪಸ್ ಕಳಿಸಿದವರು.

“ಸೆಂಟರ್ ತಾನೆ?” ಎಂದು ಅವರು ಹೆಣ್ಣು ನೋಡುವ ದಿನ ಫೋಟೋ ತೋರಿಸಿ, ತಂಡದಲ್ಲಿ ಅವನು ಆಡುವ ಜಾಗವನ್ನು ಕೇಳಿದರು.

“ಹೌದು ಸಾರ್, ಸೆಂಟರಲ್ಲೇ. ನಮ್ಮನೆಯಿಂದ ಅರಸು ರಸ್ತೆಗೆ ನಡ್ಕೊಂಡೇ ಹೋಗ್ಬೋದು,” ಎಂದ ಮಧುಕರ್.

ಆಟದ ಜೊತೆಗೆ ಹುಡುಗನಿಗೆ ಹಾಸ್ಯಪ್ರಜ್ಞೆಯೂ ಇದೆ ಎಂದು ರಾಮಪ್ರಸಾದರು ಅಲ್ಲೇ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡರು. ಮದುವೆ ಆಯಿತು. ಹೆಂಡತಿ ವೇದವಲ್ಲಿಗೆ ನಿಜಾಂಶ ಎರಡೇ ವಾರದಲ್ಲಿ ತಿಳಿಯಿತು. “ಅಪ್ಪ ಖುಷಿಯಾಗಿದಾರೆ, ಇರ್ಲಿ ಬಿಡ್ರೀ,” ಎಂದಳು ಆಕೆ. ಅಂದಿನಿಂದ ಮೈಸೂರಿಗೆ ಹೋದಾಗಲೆಲ್ಲ ಮಧುಕರನಿಗೆ ಮಂಡಿನೋವು ಬರುತ್ತಿತ್ತು, ಮೈಸೂರು ಬಿಟ್ಟ ಮೇಲೆ ವಾಸಿಯಾಗುತ್ತಿತ್ತು.

ಹೀಗಿರುವಾಗ ಹಮಾಮತ್ಸುವಿನಲ್ಲಿ, ವಿದೇಶಿಯರೂ ಊರಿನವರೂ ಬೆರೆಯಲೆಂದು ನಗರಸಭೆ ಒಂದು ಭಾನುವಾರ ಪಾರ್ಕಿನಲ್ಲಿ ಮೇಳ ಏರ್ಪಡಿಸಿತು. ಊರಿನ ನಾಲ್ಕಾರು ಕನ್ನಡ ಕುಟುಂಬಗಳು ಸೇರಿ ದೋಸೆಯ ಮಳಿಗೆ ಹಾಕಿದವು. ಪಕ್ಕದ ಮಳಿಗೆ ಮಿಕಾತಾ ಮಹಿಳಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಹುಡುಗಿಯರದು. ವೇದವಲ್ಲಿ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಮೇಳವನ್ನು ತೋರಿಸುತ್ತಿದ್ದಳು. ಅಷ್ಟರಲ್ಲಿ ಆ ತಂಡದ ಕ್ಯಾಪ್ಟನ್ ತೆರಾದಾ ಎಂಬ ಹುಡುಗಿ ದೋಸೆಗೆಂದು ಬಂದು, ಕುತ್ತಿಗೆ ಎತ್ತಿ ಮಧುಕರನನ್ನು ಪೂರ್ತಿ ನೋಡಿ, ಜಪಾನಿಯಲ್ಲಿ ಕೇಳಿದಳು: “ನೀವು ಬಾಸ್ಕೆಟ್‌ಬಾಲ್ ಆಡ್ತಿದ್ರಾ?”

ಫೋನಿನೊಳಗಿಂದ ರಾಮಪ್ರಸಾದರ ಧ್ವನಿ ಬಂತು. “ಬಾಸ್ಕೆಟ್‌ಬಾಲ್ ಅಂತಿದಾಳಲ್ಲ ವೇದಾ ಆ ಹುಡುಗಿ. ಅಳಿಯಂದ್ರಿಗೆ ಹೇಳೋಕೆ ಹೇಳಮ್ಮ, ಸಂಕೋಚ ಯಾಕೆ.”

ಮುಂದೆ ಜಪಾನಿ ಹುಡುಗಿ, ಪಕ್ಕದಲ್ಲಿ ಮಾವ, ಕಾವಲಿಯ ಮೇಲೆ ದೋಸೆ. ಮಧುಕರ್ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಾಸಿವೆ ಕಾಳಿನಷ್ಟು ಜಾಗ ಬಿಟ್ಟು, “ಚೋತ್ತೊ” ಎಂದ. ಚೋತ್ತೊ ಎಂದರೆ ‘ಸ್ವಲ್ಪ’.

ಈ ಸ್ವಲ್ಪದಲ್ಲೇ ಎಲ್ಲ ಅನಾಹುತ ಇದ್ದದ್ದು. ಜಪಾನಿನಲ್ಲಿ ಪಿಟೀಲು ವಿದ್ವಾಂಸರನ್ನು ಕೇಳಿದರೂ ‘ಸ್ವಲ್ಪ’ ನುಡಿಸುತ್ತೇನೆ ಎನ್ನುತ್ತಾರೆ. ಏನೂ ಬಾರದವನು ಮಾತ್ರ ‘ಏನೋ ಒಂದು ಮಟ್ಟಿಗೆ ಬರುತ್ತೆ’ ಎನ್ನುವುದು. ಸಾಸಿವೆಯಷ್ಟು ಎಂದವನು ಕನಿಷ್ಠ ರಾಷ್ಟ್ರೀಯ ತಂಡದಲ್ಲಿ ಇದ್ದಿರಬೇಕು. ತೆರಾದಾ ಸೊಂಟದ ತನಕ ಬಾಗಿ ವಂದಿಸಿ, ದೋಸೆ ಮರೆತು ಓಡಿದಳು.

ಮುಂದಿನ ಶನಿವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಮೂವರು ಹುಡುಗಿಯರು ಸಿಹಿತಿಂಡಿಯ ಪೊಟ್ಟಣ ಹಿಡಿದು ನಿಂತಿದ್ದರು. ಬಾಗಿಲು ತೆಗೆದದ್ದು ವೇದವಲ್ಲಿ. ಮೂವರೂ ಒಟ್ಟಿಗೆ ಬಾಗಿ, “ಕಾಂತೊಕು ಇದ್ದಾರಾ?” ಎಂದರು.

ವೇದವಲ್ಲಿ ಒಳಗೆ ಬಂದಳು. “ರೀ, ಹೊರಗೆ ಮೂರು ಹುಡ್ಗೀರು ಬಂದಿದಾರೆ. ಕಾಂತ ಇದಾರಾ ಅಂತ ಕೇಳ್ತಿದಾರೆ. ಯಾರಿಗೆ ಯಾರು ಕಾಂತ, ಸ್ವಲ್ಪ ಹೇಳ್ತೀರಾ?”

ಇಂದು ಎಂಬ ಹದಿಮೂರು ವರ್ಷದ ಮಗಳು ಮಧ್ಯೆ ಬರದಿದ್ದರೆ ಕಥೆ ಬೇರೆ ದಾರಿ ಹಿಡಿಯುತ್ತಿತ್ತು. “ಅಮ್ಮ, ಕಾಂತೊಕು means coach,” ಎಂದಳು ಅವಳು, ಹಲ್ಲುಜ್ಜುತ್ತಲೇ. “They want ಅಪ್ಪ to be their coach.”

ಹುಡುಗಿಯರು ಸೋಫಾದ ತುದಿಯಲ್ಲಿ ಕೂತು ವಿಷಯ ಹೇಳಿದರು. ಅವರ ಕೋಚ್ ಒಬಾತಾ ಸೆನ್ಸೇ, ಎಂದರೆ ಒಬಾತಾ ಮೇಷ್ಟ್ರು, ಮೆಟ್ಟಿಲ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಎನ್‌ಶೂ ಪ್ರಾಂತದ ವಿಶ್ವವಿದ್ಯಾಲಯಗಳ ಬಾಸ್ಕೆಟ್‌ಬಾಲ್ ಒಕ್ಕೂಟದ ನಿಯಮದಂತೆ ಬೆಂಚಿನಲ್ಲಿ ಹೆಸರು ನೋಂದಾಯಿಸಿದ ಕೋಚ್ ಒಬ್ಬರು ಕೂರದಿದ್ದರೆ ತಂಡ ಆಡುವಂತಿಲ್ಲ. ತಂಡ ಹೇಗೂ ಎರಡು ವರ್ಷದಿಂದ ಒಂದು ಪಂದ್ಯವನ್ನೂ ಗೆದ್ದಿಲ್ಲ. ಈ ಸಲ ಆಡುವುದನ್ನೂ ಬಿಟ್ಟರೆ ವಿಶ್ವವಿದ್ಯಾಲಯ ಕ್ಲಬ್ಬನ್ನೇ ಮುಚ್ಚುತ್ತದೆ. ತೆರಾದಾಗೆ ಇದು ಕೊನೆಯ ವರ್ಷ. ಇಷ್ಟು ಹೇಳುವಾಗಲೂ ಅವಳ ಬೆನ್ನು ನೆಟ್ಟಗೇ ಇತ್ತು.

ಮಧುಕರ್ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹುಡುಗಿಯರಿಗೆ ಉಪ್ಪಿಟ್ಟು ಕೊಡುತ್ತಿದ್ದ ವೇದವಲ್ಲಿ, “ಪಾಪ ಮಕ್ಕಳು. ಸುಮ್ನೆ ಬೆಂಚ್ ಮೇಲೆ ಕೂತ್ಕೊಳೋದು ತಾನೆ? ಒಪ್ಕೊಳ್ಳಿ,” ಎಂದಳು. ಸುಮ್ಮನೆ ಕೂರುವುದರಲ್ಲಿ ಮಧುಕರನಿಗೆ ಆಫೀಸಿನ ಮೀಟಿಂಗುಗಳಿಂದಾಗಿ ಸಾಕಷ್ಟು ಅನುಭವವಿತ್ತು. ಒಪ್ಪಿಕೊಂಡ.

ಮೊದಲ ದಿನ ಅಭ್ಯಾಸಕ್ಕೆ ಹೋದಾಗ ಅವನು ಅಂಗಳದ ಎರಡೂ ತುದಿಯ ಬುಟ್ಟಿಗಳನ್ನು ನೋಡಿ, ಎಲ್ಲರೂ ಕೇಳುವಂತೆ, “ಇದರಲ್ಲಿ ನಮ್ಮದು ಯಾವುದು?” ಎಂದು ಕೇಳಿದ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅರ್ಧ ಆಟ ಆದ್ಮೇಲೆ ಬದಲಾಗುತ್ತೆ, ಕಾಂತೊಕು,” ಎಂದಳು ತೆರಾದಾ ವಿನಯದಿಂದ. “ಒಳ್ಳೇದು, ನ್ಯಾಯವಾಗಿದೆ,” ಎಂದ ಮಧುಕರ್.

ಅಲ್ಲಿಂದ ಮುಂದೆ ಅವನು ಒಂದು ಅಭ್ಯಾಸವನ್ನೂ ತಪ್ಪಿಸಲಿಲ್ಲ. ಮಾಡಲು ಏನೂ ತಿಳಿಯದ್ದರಿಂದ ತಿಳಿದದ್ದನ್ನು ಮಾಡಿದ. ನೆಲ ಒರೆಸಿದ, ನೀರಿನ ಬಾಟಲಿ ತುಂಬಿದ, ಯಾವ ಹುಡುಗಿಗೆ ಯಾವ ಕಾಲು ನೋವು ಎಂದು ನೆನಪಿಟ್ಟುಕೊಂಡ. ಎತ್ತರದಲ್ಲಿ ಸಿಕ್ಕಿಕೊಂಡ ವಸ್ತುಗಳನ್ನು ಇಳಿಸಿಕೊಟ್ಟ. ಆಟದ ಬಗ್ಗೆ ಏನು ಕೇಳಿದರೂ ‘ಗೊತ್ತಿಲ್ಲ’ ಎಂದ.

ಮೊದಲ ಪಂದ್ಯ ಬಂತು. ಮಧುಕರ್ ಮದುವೆಯ ಸೂಟು ಹಾಕಿ ಬೆಂಚಿನಲ್ಲಿ ಕೂತ. ಗಾಬರಿಯಾದಾಗ ಅವನಿಗೆ ಒಂದು ಅಭ್ಯಾಸ: ಊರಿನಿಂದ ಫೋನ್ ಬಂದು ಮಾತು ಮುಗಿದು ಹೋದಾಗ ನಾವೆಲ್ಲ ಹೇಳುವ ಹಾಗೆ, “ಮತ್ತೆ? ಮತ್ತೆ?” ಎನ್ನುತ್ತಿರುವುದು. ಚೆಂಡು ತಟ್ಟುತ್ತ ತೆರಾದಾ ಅವನ ಮುಂದೆಯೇ ಹಾದುಹೋಗುವಾಗ, ಸೌಜನ್ಯಕ್ಕೆ ಏನಾದರೂ ಅನ್ನಬೇಕಲ್ಲ ಎಂದು ಅವನು ಜೋರಾಗಿಯೇ, “ಮತ್ತೆ?” ಎಂದ.

ಕನ್ನಡದಲ್ಲಿ ಅದು ಕುಶಲ ಪ್ರಶ್ನೆ. ಜಪಾನಿಯಲ್ಲಿ ‘ಮತ್ತೆ’ ಎಂದರೆ ‘ತಡಿ’.

ತೆರಾದಾ ಗಕ್ಕನೆ ನಿಂತಳು. ಅವಳ ಮೇಲೆ ನುಗ್ಗಿ ಬರುತ್ತಿದ್ದ ಎದುರಾಳಿ ಹುಡುಗಿ ನಿಲ್ಲಲಾಗದೆ ನೇರ ನೀರಿನ ಬಾಟಲಿಗಳ ಮೇಲೆ ಹೋಗಿ ಬಿದ್ದಳು. ತೆರಾದಾ ನಿಧಾನವಾಗಿ ಆಚೆ ನೋಡಿ, ಖಾಲಿ ನಿಂತಿದ್ದ ಗೆಳತಿಗೆ ಚೆಂಡು ಕೊಟ್ಟಳು. ಬುಟ್ಟಿಯೊಳಗೆ ಬಿತ್ತು. ಮಧುಕರ್ ಮೊದಲು ಮಾಡಿದ್ದು ಎದ್ದು ಹೋಗಿ, ಬಿದ್ದ ಎದುರಾಳಿಯನ್ನು ಎಬ್ಬಿಸಿದ್ದು. ಆಮೇಲೆ ಕೂತು ಇನ್ನೂ ಗಾಬರಿಯಾಗಿ, “ಮತ್ತೆ, ಮತ್ತೆ,” ಎಂದು ಜಪ ಮಾಡಿದ. ಎರಡು ವರ್ಷದಿಂದ ಆತುರಾತುರವಾಗಿ ಎಸೆದು ಸೋಲುತ್ತಿದ್ದ ತಂಡ ಆ ದಿನ ತಡೆದು, ನೋಡಿ, ಎಸೆದು ಗೆದ್ದಿತು. ಹುಡುಗಿಯರು ಅತ್ತರು. ಅವರು ಅಳುವುದನ್ನು ನೋಡಿ, ಸೋತೆವೆಂದು ತಿಳಿದು ಮಧುಕರನೂ ಅತ್ತ.

ಆಮೇಲಿನ ಸುದ್ದಿಗೆ ಕಾಲು ಬಂದದ್ದು ಕೆಳಗಿನ ಮಹಡಿಯ ಕಿಶೋರನಿಂದ. ಕಿಶೋರ್ ಅದೇ ಕಂಪನಿಯ ಇಂಜಿನಿಯರು, ಬೆಂಗಳೂರಿನವನು; ಕೈಯಲ್ಲಿ ಫೋನಿಲ್ಲದಿದ್ದರೆ ಉಸಿರಾಟ ಏರುಪೇರಾಗುವ ಮನುಷ್ಯ. ‘ಹಮಾಮತ್ಸುವಿನಲ್ಲಿ ಕನ್ನಡಿಗ ಕೋಚ್’ ಎಂದು ಅವನು ವಾಟ್ಸಾಪಿನಲ್ಲಿ ಹಾಕಿದ. ಅದು ಶಿನಾಗಾವಾದ ಗೆಳೆಯರನ್ನು ಮುಟ್ಟುವಾಗ ‘ಜಪಾನ್ ವಿಶ್ವವಿದ್ಯಾಲಯಗಳ ಮುಖ್ಯ ಕೋಚ್’ ಆಯಿತು, ಜಯನಗರ ತಲುಪುವಾಗ ‘ಜಪಾನ್ ರಾಷ್ಟ್ರೀಯ ತಂಡದ ಕೋಚ್’ ಆಯಿತು. ಮೈಸೂರಿನಲ್ಲಿ ರಾಮಪ್ರಸಾದರು ವಾಕಿಂಗ್ ಗೆಳೆಯರಿಗೆ, “ಅದೆಲ್ಲ ಉತ್ಪ್ರೇಕ್ಷೆ, ಒಲಿಂಪಿಕ್ಸ್‌ಗೆ ಇನ್ನೂ ತೀರ್ಮಾನ ಆಗಿಲ್ಲ,” ಎಂದು ಗಂಭೀರವಾಗಿ ತಿಳಿಸಿದರಂತೆ.

ಊರಿನ ಪತ್ರಿಕೆಯವನು ಸಂದರ್ಶನಕ್ಕೆ ಬಂದ. “ನಿಮ್ಮ ತಂತ್ರ ಏನು?” ಎಂದು ಕೇಳಿದ.

ಇದೇ ಸಮಯ ಎಂದುಕೊಂಡ ಮಧುಕರ್, ತನಗೆ ಬರುವ ಜಪಾನಿಯಲ್ಲಿ ಬಿಡಿಸಿ ಹೇಳಿದ: “ನನಗೆ ಏನೂ ಗೊತ್ತಿಲ್ಲ.”

ಪತ್ರಕರ್ತ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. “ಹುಡುಗಿಯರಿಗೆ ಏನು ಕಲಿಸ್ತೀರಿ?”

“ಏನೂ ಇಲ್ಲ.”

ಮರುದಿನ ಪತ್ರಿಕೆಯಲ್ಲಿ ‘ಶೂನ್ಯದ ಬಾಸ್ಕೆಟ್‌ಬಾಲ್: ಭಾರತದಿಂದ ಬಂದ ಗುರು’ ಎಂಬ ಲೇಖನ ಬಂತು. ಆಫೀಸಿನ ಮುಖ್ಯಸ್ಥ ನೋಜಾಕಿ ಸಾನ್, ಎಂದರೆ ನಮ್ಮ ಲೆಕ್ಕದಲ್ಲಿ ನೋಜಾಕಿಯವರು, ಅದನ್ನು ಕತ್ತರಿಸಿ ಗೋಡೆಗೆ ಹಚ್ಚಿ, ಮೀಟಿಂಗಿನಲ್ಲಿ ವಾದ ಬಿಸಿಯೇರಿದಾಗಲೆಲ್ಲ ಮಧುಕರನ ಕಡೆ ತಿರುಗಿ, “ದಯವಿಟ್ಟು ಒಂದು ಸಲ ‘ಮತ್ತೆ’ ಅನ್ನಿ,” ಎಂದು ಕೇಳಿಕೊಳ್ಳತೊಡಗಿದರು. ಪಕ್ಕದ ಮನೆಯ ಅಜ್ಜಿ ಚಡಪಡಿಸುವ ತಮ್ಮ ನಾಯಿಯನ್ನು ಕರೆತಂದು ಅವನೆದುರು ಕೂರಿಸಿದರು. ನಾಯಿ ಸುಮ್ಮನಾಯಿತು, ಅದಕ್ಕೆ ಕಾರಣ ಮಧುಕರನ ಜೇಬಿನಲ್ಲಿದ್ದ ಕೋಡುಬಳೆ ಎಂದು ಯಾರಿಗೂ ಹೊಳೆಯಲಿಲ್ಲ.

ತಂಡ ಎಲ್ಲವನ್ನೂ ಗೆದ್ದಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇನಾಗಾಕಿ ಎಂಬ ಸಿಡುಕು ಮುಖದ ಹಿರಿಯ ಕೋಚ್‌ನ ಬಲಿಷ್ಠ ತಂಡದೆದುರು ನೆಲ ಕಚ್ಚಿತು. ಆದರೂ ಎಂಟು ತಂಡಗಳಲ್ಲಿ ಕೊನೆಯಲ್ಲಿದ್ದದ್ದು ನಾಲ್ಕನೆಯದಾಯಿತು. ಕ್ಲಬ್ ಮುಚ್ಚುವ ಮಾತು ನಿಂತಿತು. ಕೊನೆಯ ಪಂದ್ಯ ಮುಗಿದ ದಿನ ಮಧುಕರ್ ಮನೆಗೆ ಬಂದು ಸೂಟು ಬಿಚ್ಚಿ, “ಮುಗೀತು ವೇದಾ. ಸಿಕ್ಕಿಹಾಕ್ಕೊಳ್ದೆ ಪಾರಾದೆ,” ಎಂದು ಕಾಲು ಚಾಚಿದ.

ಆ ವಾರವೇ ಒಕ್ಕೂಟದ ಕಾರ್ಯದರ್ಶಿ ಮುರಾಮಾತ್ಸು ಸಾನ್ ಕಪ್ಪು ಸೂಟಿನಲ್ಲಿ ಮನೆಗೆ ಬಂದರು. ಎಂಟು ಕೋಚ್‌ಗಳು ಮತ ಹಾಕಿ ಆರಿಸುವ, ಒಕ್ಕೂಟದ ‘ವರ್ಷದ ಕೋಚ್’ ಪ್ರಶಸ್ತಿ ಈ ಸಲ ಮಾದೊಕಾರು ಸಾನ್ ಅವರಿಗೆ ಬಂದಿದೆ ಎಂದರು. ಮಾದೊಕಾರು ಎಂದರೆ ಮಧುಕರನೇ.

“ನನಗೆ ಯೋಗ್ಯತೆ ಇಲ್ಲ,” ಎಂದ ಮಧುಕರ್, ನಿಜವಾಗಿಯೇ.

ಮುರಾಮಾತ್ಸು ಮೆಚ್ಚುಗೆಯಿಂದ ತಲೆಯಾಡಿಸಿದರು.

“ಖಂಡಿತ ಬೇಡ.”

ಅವರು ಎದ್ದು ನಿಂತರು.

“ದಯವಿಟ್ಟು ಬೇರೆಯವರಿಗೆ ಕೊಡಿ. ಕೈ ಮುಗೀತೀನಿ.”

ಮುರಾಮಾತ್ಸು ಕಣ್ಣೊರೆಸಿಕೊಂಡು ಸೊಂಟ ಮುರಿಯುವಷ್ಟು ಬಾಗಿ ವಂದಿಸಿದರು. ಇದು ನಮ್ಮ ಮೈಸೂರಿನ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಕ್ರಮವೇ. ಒಂದು ಸಲ ಬೇಡವೆಂದರೆ ಸಂಕೋಚ, ಎರಡನೇ ಸಲ ಬೇಡವೆಂದರೆ ಸಂಸ್ಕಾರ, ಮೂರನೇ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಎರಡು ಬೀಳುತ್ತವೆ. ಹಾಗೆ ಪ್ರಶಸ್ತಿ ಬಿತ್ತು.

ಅದಾದ ಮೇಲೆ ಮೈಸೂರಿನಿಂದ ಫೋನ್ ಬಂತು. “ಅಳಿಯಂದ್ರು ಪ್ರಶಸ್ತಿ ತಗೊಳೋದು ನಾನು ಕಣ್ಣಾರೆ ನೋಡ್ಬೇಕು. ಟಿಕೆಟ್ ಆಗಿದೆ,” ಎಂದರು ರಾಮಪ್ರಸಾದರು. ಮಧುಕರನ ಮಂಡಿ ಹಮಾಮತ್ಸುವಿನಲ್ಲೇ ನೋಯಲು ಶುರುವಾಯಿತು.

ರಾಮಪ್ರಸಾದರು ಬಂದಿಳಿದಾಗ ಹಮಾಮತ್ಸುವಿನ ಚಳಿಗಾಲದ ಒಣಗಾಳಿ ಸೈಕಲ್ಲುಗಳನ್ನೇ ಉರುಳಿಸುತ್ತಿತ್ತು. ಅವರು ಮಂಕಿ ಕ್ಯಾಪು, ಬಿಳಿ ಕ್ಯಾನ್ವಾಸ್ ಶೂ ಧರಿಸಿ, ಕೊರಳಿಗೆ ತಮ್ಮ ಹಳೆಯ ಸೀಟಿ ನೇತುಹಾಕಿಕೊಂಡು ಬಂದಿದ್ದರು. “ಸಮಾರಂಭ ಆಮೇಲೆ. ಮೊದಲು ನಿಮ್ಮ ಪ್ರಾಕ್ಟೀಸ್ ನೋಡ್ಬೇಕು,” ಎಂದರು. ಜ್ವರ, ಟ್ರಾಫಿಕ್, ಭೂಕಂಪದ ಮುನ್ಸೂಚನೆ, ಎಲ್ಲವನ್ನೂ ಮಧುಕರ್ ಹೇಳಿ ನೋಡಿದ. ನಡೆಯಲಿಲ್ಲ. ಇಂದುವನ್ನೂ ಕರೆದುಕೊಂಡು ಜಿಮ್ನೇಷಿಯಮ್ಮಿಗೆ ಹೋದರು.

ರಾಮಪ್ರಸಾದರು ಅಂಗಳದ ಅಂಚಿನಲ್ಲಿ ಕೈ ಕಟ್ಟಿ ನಿಂತು, ಹುಡುಗಿಯರ ಆಟವನ್ನು ತಜ್ಞನ ಕಣ್ಣಿಂದ ನೋಡಿ ಕೇಳಿದರು. “ಚೆನ್ನಾಗಿದೆ. ಎದುರಾಳೀನ ತಡೆಯೋಕೆ ನೀವು ಜೋನ್ ಆಡಿಸ್ತೀರೋ, ಮ್ಯಾನ್ ಟು ಮ್ಯಾನೋ?”

“ಮ್ಯಾನ್ ಯಾರೂ ಇಲ್ಲ ಮಾವ. ಎಲ್ಲ ಹೆಣ್ಮಕ್ಕಳೇ.”

ರಾಮಪ್ರಸಾದರು ಗಹಗಹಿಸಿ ನಕ್ಕರು. ನಗುತ್ತ ಅಳಿಯನ ಮುಖ ನೋಡಿದರು. ಅಳಿಯ ನಗುತ್ತಿರಲಿಲ್ಲ. ಅವರ ನಗು ಮಂಕಿ ಕ್ಯಾಪಿನೊಳಗೆ ಹಂತಹಂತವಾಗಿ ಕಡಿಮೆಯಾಯಿತು. ಒಂದು ಚೆಂಡನ್ನು ಎತ್ತಿ ಅವನ ಕೈಗಿಟ್ಟರು.

“ಒಂದು ಶಾಟ್ ಹೊಡೀರಿ.”

ಮಧುಕರ್ ಚೆಂಡನ್ನು ಎರಡೂ ಕೈಯಲ್ಲಿ ಹೊಟ್ಟೆಯ ಹತ್ತಿರ ಹಿಡಿದು, ಬಕೆಟ್ಟಿನ ನೀರು ಎರಚುವ ಹಾಗೆ ಎಸೆದ. ಚೆಂಡು ಬುಟ್ಟಿಯನ್ನು, ಬುಟ್ಟಿಯ ಹಲಗೆಯನ್ನು ದಾಟಿ, ಹಲಗೆಗೂ ಗೋಡೆಗೂ ನಡುವಿನ ಕಬ್ಬಿಣದ ಸರಳುಗಳಲ್ಲಿ ಸಿಕ್ಕಿಕೊಂಡಿತು. ಒಬ್ಬ ಹುಡುಗಿ ನೇರ ಮೂಲೆಗೆ ಹೋಗಿ, ಅಲ್ಲಿ ಒರಗಿಸಿಟ್ಟಿದ್ದ ಉದ್ದನೆಯ ಬಿದಿರು ಕೋಲು ತಂದು ಚೆಂಡನ್ನು ಕೆಳಗಿಳಿಸಿ, ಕೋಲನ್ನು ಮತ್ತೆ ಅದೇ ಮೂಲೆಯಲ್ಲಿಟ್ಟು ಬಂದಳು. ಆ ಕೋಲು ಅಲ್ಲಿ ಯಾಕಿದೆ ಎಂದು ರಾಮಪ್ರಸಾದರಿಗೆ ಯಾರೂ ವಿವರಿಸಬೇಕಾಗಲಿಲ್ಲ.

“ಏನಯ್ಯಾ ಇದು?” ಎಂದರು ಅವರು. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ‘ನೀವು’ ಕಳಚಿ ಬಿದ್ದಿತ್ತು. “ನೀನು ಆಡೇ ಇಲ್ಲ. ಆ ಫೋಟೋ?”

“ಹಿಂದೆ ಕಿಟಕಿ ಒಡೆದಿತ್ತು ಮಾವ,” ಎಂದ ಮಧುಕರ್. ಫೋಟೋಗ್ರಾಫರನನ್ನೂ ಟಿಫಿನ್ ಕ್ಯಾರಿಯರನ್ನೂ ಬಿಡದೆ ಎಲ್ಲವನ್ನೂ ಹೇಳಿದ.

ರಾಮಪ್ರಸಾದರ ಮುಖ ಕೆಂಪಾಯಿತು. “ನನಗೆ ಮಾಡಿದ ಮೋಸ ಇರ್ಲಿ. ಈ ಹುಡ್ಗೀರ ಗತಿ ಏನು? ಇವರಿಗೆ ಗೊತ್ತಾದ್ರೆ? ನಾನೇ ಹೇಳ್ತೀನಿ. ಇಂದು, ಬಾ ಇಲ್ಲಿ, ನಾನು ಹೇಳಿದ್ದನ್ನ ಇವರ ಭಾಷೇಲಿ ಹೇಳು. ನಿಮ್ಮ ಕೋಚ್‌ಗೆ ಬಾಸ್ಕೆಟ್‌ಬಾಲ್ ಬರೋದಿಲ್ಲ ಅಂತ.”

ಇಂದು ಅಪ್ಪನ ಮುಖ ನೋಡಿದಳು. ಮಧುಕರ್ ತಲೆಯಾಡಿಸಿದ. ಅವಳು ಹೇಳಿದಳು.

ಹುಡುಗಿಯರ ಸಾಲಿನಲ್ಲಿ ಯಾರೂ ಬೆಚ್ಚಲಿಲ್ಲ. ತೆರಾದಾ ಮುಂದೆ ಬಂದು ಮೊದಲು ರಾಮಪ್ರಸಾದರಿಗೆ, ಆಮೇಲೆ ಅವರ ಸೀಟಿಗೆ ಎಂಬಂತೆ ಇನ್ನೊಮ್ಮೆ ಬಾಗಿ ಮಾತಾಡಿದಳು. ಇಂದು ತನಗೆ ಬರುವ ಕನ್ನಡದಲ್ಲಿ ಹೇಳುತ್ತ ಹೋದಳು.

“ತಾತ, she is saying, ಅವ್ರಿಗೆ ಗೊತ್ತು. ಫಸ್ಟ್ ಡೇನೇ ಗೊತ್ತಾಯ್ತಂತೆ. ಅಪ್ಪ ನಮ್ಮ ಬಾಸ್ಕೆಟ್ ಯಾವ್ದು ಅಂತ ಕೇಳಿದ್ರಂತೆ.”

“ಮತ್ತೆ ಯಾಕೆ ಇಟ್ಕೊಂಡ್ರು?”

ತೆರಾದಾ ಬಹಳ ಹೊತ್ತು ಮಾತಾಡಿದಳು. ಮಧ್ಯೆ ಒಂದು ಸಲ ಹುಡುಗಿಯರೆಲ್ಲ ನಕ್ಕರು, ಒಂದು ಸಲ ಒಬ್ಬಳು ಮೂಗೊರೆಸಿಕೊಂಡಳು.

“ಮೊದ್ಲು ಏನಂದ್ರೆ,” ಎಂದಳು ಇಂದು, ಪದಗಳನ್ನು ಹುಡುಕುತ್ತ, “ಏನಾದ್ರೂ mistake ಮಾಡಿದ್ರೆ ಅವ್ರು ತಕ್ಷಣ ಬೆಂಚ್ ನೋಡ್ತಿದ್ರಂತೆ. ಒಬಾತಾ ಸೆನ್ಸೇ angry ಆಗಿದಾರಾ ಅಂತ. ಆಮೇಲೆ ಅಪ್ಪ ಬಂದ್ರು. ಬೆಂಚ್ ನೋಡಿದ್ರೆ ಅಪ್ಪ ಅವ್ರಿಗಿಂತ ಜಾಸ್ತಿ ಹೆದರ್ಕೊಂಡಿದ್ರು. So ಬೆಂಚ್ ನೋಡೋದು waste ಅಂತ, ಒಬ್ರನ್ನ ಒಬ್ರು ನೋಡೋಕೆ ಸ್ಟಾರ್ಟ್ ಮಾಡಿದ್ರು. That’s how they started winning. ಒಬಾತಾ ಸೆನ್ಸೇಗೆ hospitalಲ್ಲಿ ಹೇಳಿದ್ರಂತೆ. He said, ಇವ್ರನ್ನ ಬಿಡ್ಬೇಡಿ ಅಂತ.”

ತೆರಾದಾ ಇನ್ನೊಂದು ಮಾತು ಸೇರಿಸಿದಳು. ಇಂದು ಸ್ವಲ್ಪ ನಾಚಿಕೊಂಡು ಹೇಳಿದಳು. “ಅಪ್ಪ ಒಂದಿನಾನೂ ಸುಳ್ಳು ಹೇಳಿಲ್ವಂತೆ. ಗೊತ್ತಿಲ್ಲ, ಗೊತ್ತಿಲ್ಲ ಅಂತ ದಿನಾ ಹೇಳ್ತಾನೇ ಇದ್ರಂತೆ. ಹೊರಗಿನವ್ರು ಯಾರೂ ನಂಬ್ಲಿಲ್ಲ, ಅಷ್ಟೇ.”

ರಾಮಪ್ರಸಾದರು ಅಲ್ಲಿದ್ದ ಬೆಂಚಿನ ಮೇಲೆ ಕೂತರು. ಉಳಿದ ಅಭ್ಯಾಸವನ್ನು ಪೂರ್ತಿ ನೋಡಿದರು. ಅಭ್ಯಾಸದ ನಡುವೆ ಒಬ್ಬ ಹುಡುಗಿ ಕುಂಟಿದಾಗ, ಅವಳು ಹೇಳುವ ಮೊದಲೇ ಮಧುಕರ್ ಮಂಜುಗಡ್ಡೆಯ ಚೀಲ ಹಿಡಿದು ಎಡಗಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತದ್ದನ್ನೂ ನೋಡಿದರು.

ಪ್ರಶಸ್ತಿ ಸಮಾರಂಭ ಸ್ಟೇಷನ್ ಹತ್ತಿರದ ಹೋಟೆಲಿನ ಸಭಾಂಗಣದಲ್ಲಿ. ಮಧುಕರನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು: ಹುಡುಗಿಯರು ಬಿಡಿ, ಆಟ ಬಲ್ಲ ಕೋಚ್‌ಗಳು ತನಗೆ ಯಾಕೆ ಮತ ಹಾಕಿದರು? ಆ ಅನುಮಾನವನ್ನು ಸಿಡುಕು ಮುಖದ ಇನಾಗಾಕಿ ಬಾಗಿಲ ಬಳಿ ಅವನನ್ನು ಅಡ್ಡಗಟ್ಟಿ ಪರಿಹರಿಸಿದರು.

“ತಪ್ಪು ತಿಳ್ಕೋಬೇಡಿ, ಮಾದೊಕಾರು ಸಾನ್. ನಿಯಮದ ಪ್ರಕಾರ ನಮಗೆ ನಾವೇ ಮತ ಹಾಕೋ ಹಾಗಿಲ್ಲ. ಆ ಕೋಚ್ ಹೋಂದಾನಿ ನನ್ನ ಆಟಗಾರ್ತಿಯನ್ನ ಸೆಳ್ಕೊಂಡ. ಹೋಂದಾನಿಗೆ ಇನ್ನೊಬ್ಬ ಕೋಚ್ ಓತಾಕೆ ಕಂಡ್ರೆ ಆಗಲ್ಲ. ಓತಾಕೆ ಅವನ ಬಸ್ಸು ಎರವಲು ತಗೊಂಡು ಗೀಚಿ ವಾಪಸ್ ಕೊಟ್ಟ. ಓತಾಕೆ ನನ್ನ ಜೊತೆ ಮಾತು ಬಿಟ್ಟು ಯಾವ ಕಾಲ ಆಯ್ತೋ. ಉಳಿದವರದ್ದೂ ಇದೇ ಕಥೆ. ಈ ಒಕ್ಕೂಟದಲ್ಲಿ ಶತ್ರು ಇಲ್ಲದವರು ನೀವೊಬ್ಬರೇ.”

ಮಧುಕರನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. “ಅಷ್ಟೇ ತಾನೆ?” ಎಂದ ಸಂತೋಷದಿಂದ.

“ಅಷ್ಟೇ ಆಗಿದ್ರೆ ಖಾಲಿ ಚೀಟಿ ಹಾಕ್ತಿದ್ದೆ,” ಎಂದರು ಇನಾಗಾಕಿ, ಇನ್ನಷ್ಟು ಸಿಡುಕಿ. “ನಮ್ಮ ಕೈಲಿ ಅಷ್ಟು ಹೀನಾಯವಾಗಿ ಸೋತ ದಿನ, ನೀವು ಕೋಟು ಬಿಚ್ಚಿಟ್ಟು ನಮ್ಮ ಹುಡುಗಿಯರ ಜೊತೆ ಕುರ್ಚಿ ಮಡಿಸ್ತಿದ್ರಿ. ನಾನು ಕೋಚ್ ಆದ ಮೇಲೆ ಒಂದು ಕುರ್ಚಿಯನ್ನೂ ಮುಟ್ಟಿಲ್ಲ. ಆವತ್ತು ಮನೆಗೆ ಹೋದ ಮೇಲೂ ಅದೇ ತಲೇಲಿತ್ತು.” ಹೀಗೆಂದು, ಹೊಗಳಿದ್ದಕ್ಕೆ ತಮ್ಮ ಮೇಲೆ ತಮಗೇ ಸಿಟ್ಟು ಬಂದವರಂತೆ ಹೊರಟುಹೋದರು.

ವೇದಿಕೆಯ ಮೇಲೆ ಮುರಾಮಾತ್ಸು ಫಲಿತಾಂಶ ಹೇಳಿದರು. ಏಳು ಮತ ಮಾದೊಕಾರು ಸಾನ್ ಅವರಿಗೆ. ಒಂದು ಮತ ಅಸಿಂಧು, ಏಕೆಂದರೆ ಅದು ಈ ವರ್ಷ ಯಾವ ತಂಡಕ್ಕೂ ಕೋಚ್ ಆಗಿಲ್ಲದ, ಆಸ್ಪತ್ರೆಯಲ್ಲಿದ್ದ ಒಬಾತಾ ಅವರಿಗೆ ಬಿದ್ದಿತ್ತು. ಯಾರು ಹಾಕಿದರೆಂದು ಅವರು ಹೇಳಲಿಲ್ಲ. ಏಳಕ್ಕೆ ಒಂದು ಸೇರಿಸಲು ಬರುವವರಿಗೆಲ್ಲ ತಿಳಿಯಿತು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಬೆಳ್ಳಿಗೂದಲಿನ ಒಬಾತಾ ಸೆನ್ಸೇ ತಲೆ ತಗ್ಗಿಸಿ, ಕರವಸ್ತ್ರಕ್ಕಾಗಿ ಎಲ್ಲ ಜೇಬುಗಳನ್ನೂ ತಡಕಾಡಿದರು.

ಮಧುಕರ್ ಮೈಕಿನ ಮುಂದೆ ನಿಂತು, ಮಗಳು ಬಾಯಿಪಾಠ ಮಾಡಿಸಿದ್ದ ಭಾಷಣವನ್ನು ಪೂರ್ತಿ ಮರೆತ. “ನನಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲ,” ಎಂದ. ಸಭೆ ಮೆಚ್ಚಿ ಗುನುಗಿತು. “ಇಲ್ಲ, ನಿಜವಾಗಿಯೂ ಗೊತ್ತಿಲ್ಲ,” ಎಂದ. ಗುನುಗು ಜೋರಾಯಿತು. ಅವನು ಕೈಚೆಲ್ಲಿ, ತಂಡದ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ, ಮೀಸಲು ಬೆಂಚಿನಲ್ಲಿ ಇಡೀ ಋತು ಕೂತೇ ಇದ್ದವಳ ಹೆಸರನ್ನೂ ಸೇರಿಸಿ ಹೇಳಿದ. ಹೆಸರು ಕೇಳಿದವರು ಎದ್ದು ನಿಂತರು. ಎಲ್ಲರೂ ಎದ್ದಮೇಲೆ, “ಇವರಿಗೆ ಇಷ್ಟು ಕಲಿಸಿದ್ದು ಒಬಾತಾ ಸೆನ್ಸೇ. ಅವರು ಕಲಿಸಿದ್ದನ್ನು ನಾನು ಮರೆಸಲಿಲ್ಲ, ಅಷ್ಟೇ,” ಎಂದು ಬಾಗಿ, ಇಳಿಯುವಾಗ ವೇದಿಕೆಯ ಹೂವಿನ ಕಮಾನಿಗೆ ಹಣೆ ಚಚ್ಚಿಕೊಂಡ. ಚಪ್ಪಾಳೆಯ ನಡುವೆ ಅದರ ಸದ್ದು ಯಾರಿಗೂ ಕೇಳಿಸಲಿಲ್ಲ.

ರಾಮಪ್ರಸಾದರು ಅವನ ಹಣೆ ನೋಡಿ, ಮಂಕಿ ಕ್ಯಾಪು ಮಡಿಸಿ ಒತ್ತಿ ಹಿಡಿದರು. “ನಾನು ಮೂವತ್ತು ವರ್ಷ ಸೀಟಿ ಊದಿದೀನಿ ಕಣಯ್ಯಾ,” ಎಂದರು ಮೆಲ್ಲಗೆ. “ಒಂದು ಹುಡುಗನೂ ನನ್ನ ವಿಷಯ ಆ ಹುಡುಗಿ ಹೇಳಿದ ಹಾಗೆ ಹೇಳಿದ್ದು ನೆನಪಿಲ್ಲ.” ಮಧುಕರ್ ಏನೋ ಹೇಳಹೋದ. “ಸುಮ್ನೆ ನಿಂತ್ಕೋ, ರಕ್ತ ಬರ್ತಿದೆ,” ಎಂದರು.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಮೈಸೂರಿನ ವಾಕಿಂಗ್ ಗೆಳೆಯ ಚಂದ್ರಮೋಹನ್. ಸುತ್ತ ಗದ್ದಲ ಇದ್ದದ್ದರಿಂದ ರಾಮಪ್ರಸಾದರು ಸ್ಪೀಕರ್ ಹಾಕಿ, ಇನ್ನೊಂದು ಕೈಯಲ್ಲಿ ಅಳಿಯನ ಹಣೆ ಒತ್ತಿಕೊಂಡೇ ಮಾತಾಡಿದರು.

“ಹೂಂ, ಈಗ ತಾನೇ ಕೊಟ್ರು. ಇಡೀ ಸಭೆ ಎದ್ದು ನಿಂತಿತ್ತು.”

“ನಿಮ್ಮಳಿಯ ಅಷ್ಟು ದೊಡ್ಡ ಆಟಗಾರ ಅಂತ ನಮಗೆ ಗೊತ್ತೇ ಇರ್ಲಿಲ್ಲ ರಾಮಪ್ರಸಾದ್.”

ರಾಮಪ್ರಸಾದರು ಮಧುಕರನನ್ನು ಕೆಳಗಿಂದ ಮೇಲಿನವರೆಗೆ, ಆರಡಿ ಎರಡಂಗುಲವನ್ನೂ ಒಮ್ಮೆ ನೋಡಿದರು.

“ಆಟಗಾರ ಅಂತ ಯಾರ್ರೀ ಅಂದಿದ್ದು? ಆಟಗಾರರು ಬೀದಿಗೆ ಹತ್ತು ಜನ ಸಿಕ್ತಾರೆ. ನಾನು ಹೇಳಿದ್ದು ಕೋಚ್ ಅಂತ,” ಎಂದರು ಅವರು.